ದುಬೈಗೆ ಹೊರಟ ಅಡ್ಡಗೆರೆ

ಧನರಾಜನಿಗಿದ್ದ ಸಂಕಟ ಒಂದೇ: ಎರ್ಮಾಳಿನ ಅವನ ಮನೆಯಲ್ಲಿ, ಪದಕ್ಕೆ ಪದ ಬೆಸೆಯುವ ಅಡ್ಡಗೆರೆಯ ಮಹಿಮೆ ಯಾರಿಗೂ ತಿಳಿದಿರಲಿಲ್ಲ. ಮೀನುಗಾರರ ಆ ಕುಟುಂಬದಲ್ಲಿ ಮೊದಲು ಪದವಿ ಪಡೆದವನು ಅವನು. ಮಣಿಪಾಲದ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸ. (ಮದುವೆಯ ಕಾಗದ ಬಂದರೂ ಅವನು ಹುಡುಕುವುದು ತಪ್ಪುಗಳನ್ನು, ಊಟದ ಸಮಯವನ್ನಲ್ಲ.)

ಹೆಂಡತಿ ದೀಕ್ಷಿತಾಳಿಗೆ ಆಗಷ್ಟೇ ಮೊದಲ ಆರ್ಡರ್ ಸಿಕ್ಕಿತ್ತು. ಕಾಪುವಿನ ಸಫ್ರಾಝ್ ರಜೆ ಮುಗಿಸಿ ಶುಕ್ರವಾರ ಸಂಜೆಯ ವಿಮಾನದಲ್ಲಿ ದುಬೈಗೆ ಹೊರಡುವವನು. ಅಲ್ಲಿನ ಗೆಳೆಯರಿಗೆಂದು ಇಪ್ಪತ್ತು ಬಾಟಲಿ ಸಿಗಡಿ ಚಟ್ನಿ ಪುಡಿ ಹೇಳಿದ್ದ. ಅವರಿಗೆ ರುಚಿಸಿದರೆ ದೀಕ್ಷಿತಾಳ ವ್ಯಾಪಾರ ಕುದುರಿದಂತೆ. ಅವನು ಹೊರಟ ಮೇಲೆ ಬಾಟಲಿ ತಲುಪಿದರೆ ಮನೆಮಂದಿಯೆಲ್ಲ ವರ್ಷವಿಡೀ ಚಟ್ನಿ ತಿನ್ನಬೇಕು.

ಪುಡಿ ಗುರುವಾರವೇ ಬಾಟಲಿ ಸೇರಿತ್ತು. ಉಳಿದದ್ದು ಲೇಬಲ್. ಆ ಮಹಾಕಾರ್ಯಕ್ಕೆ ಧನರಾಜ ಶುಕ್ರವಾರ ರಜೆ ಹಾಕಿ ಕುಳಿತ.

“‘ಬಿಸಿಲಿನಲ್ಲಿ ಒಣಗಿಸಿದ ಸಿಗಡಿ ಚಟ್ನಿ ಪುಡಿ’ ಅಂತ ಬರೆದರೆ, ಒಣಗಿಸಿದ್ದು ಸಿಗಡಿಯನ್ನೋ ಪುಡಿಯನ್ನೋ? ಓದುವವನಿಗೆ ಸಂಶಯ ಬರ್ತದೆ. ಮೊದಲ ಮೂರು ಪದ ಸೇರಿ ಒಂದೇ ವಿಶೇಷಣ. ನಡುವೆ ಅಡ್ಡಗೆರೆ ಬೇಕು.”

“ತಿನ್ನುವವನಿಗೆ ಎಂತ ಸಂಶಯ ಮಗಾ?” ಎಂದರು ತಾಯಿ ಸರಸ. “ಮೂರು ದಿವಸ ಅಂಗಳದಲ್ಲಿ ಕೋಲು ಹಿಡಿದು ಕಾಗೆ ಓಡಿಸಿದವಳು ನಾನು. ನನ್ನನ್ನು ಕೇಳಲಿಕ್ಕೆ ಹೇಳು.”

“ಬಾಟಲಿ ಜೊತೆ ನಿನ್ನನ್ನು ದುಬೈಗೆ ಕಳಿಸ್ಲಿಕ್ಕಾಗ್ತದಾ ಅಮ್ಮ?”

“ಕಳಿಸಿ ನೋಡು. ನಿನ್ನ ಗೆರೆಗಿಂತ ಮೊದಲು ತಲುಪ್ತೇನೆ.”

ಎರಡು ಅಡ್ಡಗೆರೆ ಹಾಕಿದ, ಬೇಲಿಯಂತೆ ಕಂಡಿತು. ಒಂದನ್ನು ತೆಗೆದ, ಸಿಗಡಿ ಅನಾಥವಾಯಿತು. ಅಲ್ಪವಿರಾಮ ಇಟ್ಟು ನೋಡಿದ. ಯಾರೋ ನಡುವೆ ಕೆಮ್ಮಿದಂತಿತ್ತು. ಪಡುಬಿದ್ರಿಯ ಜೆರಾಕ್ಸ್ ಅಂಗಡಿಗೆ ಮೂರು ಸಲ ಹೋಗಿ ಬಂದ.

“ಗಂಟೆ ಹನ್ನೆರಡಾಯ್ತು ಮಾರಾಯ್ರೆ, ಎರಡಕ್ಕೆ ಸಫ್ರಾಝ್ ಮನೆ ಬಿಡ್ತಾನೆ!” ಎಂದಳು ದೀಕ್ಷಿತಾ. “ಗೆರೆ ಇಲ್ಲದಿದ್ರೆ ಸಿಗಡಿ ಎಂತ ಎದ್ದು ಓಡ್ತದಾ?”

“ಪರದೇಶದವರು ಓದುವಂಥದ್ದು ಇದು. ನಮ್ಮ ಮರ್ಯಾದೆಯ ಪ್ರಶ್ನೆ.”

“ಓದುವುದು ಪರದೇಶದವರಲ್ಲ, ಸಫ್ರಾಝಿನ ರೂಮಿನವರು. ಎಲ್ಲ ಕಾಪು, ಉಚ್ಚಿಲದವರೇ!”

ಕೊನೆಗೆ ಎರಡು ಅಡ್ಡಗೆರೆಗಳೇ ಗೆದ್ದವು. ಸ್ಕೇಲ್ ಹಿಡಿದು ಇಪ್ಪತ್ತು ಲೇಬಲ್‌ಗಳನ್ನು ನೇರವಾಗಿ ಅಂಟಿಸಿ ಮುಗಿಸುವಾಗ ಗಂಟೆ ಒಂದೂವರೆ. ದೀಕ್ಷಿತಾ ಸ್ಕೂಟರ್ ಓಡಿಸಿದ ವೇಗಕ್ಕೆ ಹಿಂದೆ ಬಾಟಲಿ ತಬ್ಬಿ ಕುಳಿತ ಧನರಾಜನ ಕಣ್ಣಲ್ಲಿ ನೀರು.

ಸಫ್ರಾಝಿನ ಮನೆಯ ಜಗಲಿಯಲ್ಲಿ ಬ್ಯಾಗು ತೂಕದ ಯಂತ್ರದ ಮೇಲೆ ಬಾಯಿ ತೆರೆದುಕೊಂಡಿತ್ತು. “ಬಂದ್ರಾ ಅಕ್ಕ! ಇನ್ನು ಹತ್ತು ನಿಮಿಷದಲ್ಲಿ ಕಾರು ಬರ್ತದೆ,” ಎನ್ನುತ್ತ ಅವನ ಹೆಂಡತಿ ಶಿಫಾನಾ ಮೊದಲ ಬಾಟಲಿಯ ಮುಚ್ಚಳ ತಿರುಗಿಸಿ ಪುಡಿಯನ್ನೆಲ್ಲ ಪ್ಲಾಸ್ಟಿಕ್ ಕವರಿಗೆ ಸುರಿದು ಗಂಟು ಹಾಕಿದಳು.

ಧನರಾಜ ಖಾಲಿ ಬಾಟಲಿಯನ್ನು ಎತ್ತಿಕೊಂಡ. “ಇದೆಂತ ಮಾಡ್ತೀರಿ?”

“ಗಾಜಿನ ತೂಕ ಯಾರು ಹೊರುವುದು ಅಣ್ಣ? ವಿಮಾನದಲ್ಲಿ ಮೂವತ್ತೇ ಕಿಲೋ. ಗಲ್ಫಿಗೆ ಹೋಗುವುದೆಲ್ಲ ಹೀಗೇ. ಕವರಿಗೆ ಹಾಕಿ, ಟೇಪು ಸುತ್ತಿ, ಬಟ್ಟೆಯ ಒಳಗೆ.”

“ಆದರೆ… ಲೇಬಲ್?”

“ಲೇಬಲ್ ಚಂದ ಉಂಟು,” ಎಂದು ಸಫ್ರಾಝ್ ಸಮಾಧಾನ ಹೇಳಿದ. “ವಾಪಸ್ ತೆಗೊಂಡು ಹೋಗಿ.” ಒಂದು ಚಿಟಿಕೆ ಪುಡಿ ನಾಲಿಗೆಗೆ ಹಾಕಿದವನೇ ಕಣ್ಣರಳಿಸಿದ. “ಅಕ್ಕ, ಮುಂದಿನ ತಿಂಗಳು ನನ್ನ ಭಾವ ಹೋಗ್ತಾರೆ. ಅವರ ಕೈಯಲ್ಲಿ ನಲವತ್ತು ಕಳಿಸಿ. ಬಾಟ್ಲಿ ಬೇಡ.”

ದೀಕ್ಷಿತಾ ಆಗಲೇ ನೆಲದ ಮೇಲೆ ಕುಳಿತು ಹತ್ತನೆಯ ಗಂಟು ಹಾಕುತ್ತಿದ್ದಳು.

ಟೇಪು ಸುತ್ತಿದ ಮೇಲೆ ಎಲ್ಲ ಪೊಟ್ಟಣಗಳೂ ಒಂದೇ ರೀತಿ ಕಂಡವು. ಶಿಫಾನಾ ಮಾರ್ಕರ್ ಚಾಚಿದಳು. “ಅಣ್ಣ, ನೀವು ಕಲಿತವರು. ಮೇಲೆ ಬರೀರಿ, ಬ್ಯಾಗಿನಲ್ಲಿ ಮೆಣಸಿನ ಪುಡಿಯೂ ಉಂಟು, ಅದರ ಜೊತೆ ಸೇರಿ ಹೋಗ್ಬಾರ್ದು.”

ಧನರಾಜನಿಗೆ ಹೋದ ಜೀವ ಬಂತು. ಮೊಣಕಾಲೂರಿ ಕುಳಿತು, ಉಸಿರು ಹಿಡಿದು, ದುಂಡಗೆ ‘ಬಿಸಿಲಿನಲ್ಲಿ’ ಎಂದು ಬರೆದ. ಪೊಟ್ಟಣ ಅಲ್ಲಿಗೇ ಮುಗಿಯಿತು. ಅಡ್ಡಗೆರೆಗೆ ಜಾಗ ಹುಡುಕುತ್ತ ಅದನ್ನು ಮಗುಚಿ ನೋಡುವಷ್ಟರಲ್ಲಿ ಹೊರಗೆ ಕಾರಿನ ಹಾರ್ನ್ ಕೇಳಿಸಿತು.

ದೀಕ್ಷಿತಾ ಅವನ ಕೈಯಿಂದ ಮಾರ್ಕರ್ ಕಿತ್ತುಕೊಂಡು ಇಪ್ಪತ್ತೂ ಪೊಟ್ಟಣಗಳ ಮೇಲೆ ಒಂದೊಂದು ದಪ್ಪ ಸೊನ್ನೆ ಎಳೆದಳು.

“ಸಫ್ರಾಝ್, ಸೊನ್ನೆ ಇದ್ದದ್ದು ಚಟ್ನಿ.”

“ಗೊತ್ತಾಯ್ತು ಅಕ್ಕ,” ಎಂದು ಅವನು ಜಿಪ್ ಎಳೆದ.