ಅರವತ್ತು ಸಾಲದು

ಅನಾಹುತಕ್ಕೆಲ್ಲ ಮೂಲ ಒಂದು ಬಾಲ. ಅದೂ ಪ್ರಾಣಿಯದಲ್ಲ, ಕಾರಿನದು. ಹಳೆಯ ಮಾನಿಟರಿನ ಮೇಲೆ ಕಾರಿನ ಪಂದ್ಯ ಆಡುವಾಗ, ಕಾರು ತಿರುವಿನಲ್ಲಿ ಹೊರಳಿತೆಂದರೆ ಅದರ ಹಿಂದೆ ಮಸುಕಾದ ಬಾಲವೊಂದು ಮೂಡುತ್ತಿತ್ತು. ಕಾರು ಎಲ್ಲಿ ಮುಗಿಯಿತು, ಬಾಲ ಎಲ್ಲಿ ಶುರುವಾಯಿತು ಎಂದು ಮಾರ್ಜಿನಪ್ಪ ಲೆಕ್ಕ ಹಾಕುವಷ್ಟರಲ್ಲಿ ಎರಡೂ ಗೋಡೆಗೆ ಅಪ್ಪಳಿಸಿರುತ್ತಿದ್ದವು.

ಮಾರ್ಜಿನಪ್ಪ ಅವನ ಹೆಸರಲ್ಲ. ಅವನು ಒಂದು ಮುದ್ರಣಾಲಯದಲ್ಲಿ ಪುಟ ಜೋಡಿಸುವವನು. ಎಷ್ಟೇ ಒತ್ತಾಯ ಬಂದರೂ ಪುಟದ ನಾಲ್ಕೂ ಕಡೆ ಎರಡು ಬೆರಳು ಜಾಗ ಬಿಡದೆ ಅಚ್ಚಿಗೆ ಕಳಿಸುವವನಲ್ಲ. ಆದ್ದರಿಂದ ಆ ಹೆಸರು. ಬದುಕಿನಲ್ಲೂ ಅವನಿಗೆ ಸಿಕ್ಕಿದ್ದು ಅಷ್ಟೇ ಜಾಗ. ಬಸ್ಸಿನಲ್ಲಿ ಸೀಟಿನ ಅಂಚು, ಮನೆಯಲ್ಲಿ ಸೋಫಾದ ಅಂಚು, ಹಾಸಿಗೆಯಲ್ಲಿ ಹೊದಿಕೆಯ ಅಂಚು.

ಪ್ರತಿ ಶನಿವಾರ ಸಂಜೆ ಆರಕ್ಕೆ ಭಾಮೈದ ತನ್ನ ಮನೆಯಿಂದ, ಇವನು ಇವನ ಮನೆಯಿಂದ, ಇಂಟರ್‌ನೆಟ್ಟಿನಲ್ಲಿ ಕಾರು ಓಡಿಸುತ್ತಿದ್ದರು. ನಲವತ್ತೊಂದು ವಾರಗಳಾಗಿದ್ದವು. ನಲವತ್ತೊಂದು ಸಲವೂ ಮಾರ್ಜಿನಪ್ಪ ಸೋತಿದ್ದ. ಸೋಲಿಗೆ ಅವನು ಒಗ್ಗಿಹೋಗಿದ್ದ. ಆದರೆ ಪಕ್ಕದಲ್ಲಿ ಕೂತು "ಬಿಡಬೇಡ ಅಪ್ಪಾ!" ಎಂದು ಕೂಗುತ್ತಿದ್ದ ಒಂಬತ್ತು ವರ್ಷದ ಮಗಳು ಕಳೆದ ವಾರ ಕೂಗಲಿಲ್ಲ. ಬೆನ್ನು ಸವರಿ, "ಪರವಾಗಿಲ್ಲ ಬಿಡಪ್ಪ, ನೀನು ನನ್ನ ಪುಸ್ತಕಕ್ಕೆ ಬೈಂಡು ಚೆನ್ನಾಗಿ ಹಾಕ್ತೀಯ" ಅಂದಳು. ಮಕ್ಕಳು ಅಣಕಿಸಿದರೆ ತಡೆದುಕೊಳ್ಳಬಹುದು. ಸಮಾಧಾನ ಮಾಡಲು ಶುರು ಮಾಡಿದರೆ ಹೆತ್ತವರು ಮುಖ ಎಲ್ಲಿಡಬೇಕು?

ಒಂದೇ ಒಂದು ಸಲ, ಅವಳ ಎದುರಿಗೆ ಗೆಲ್ಲಬೇಕು. ಅಷ್ಟೇ ಅವನಿಗೆ ಬೇಕಾಗಿದ್ದದ್ದು.

ತಪ್ಪು ತನ್ನ ಕೈಯದಲ್ಲ, ಮಾನಿಟರಿನದು ಎಂದು ಓದಿ ತಿಳಿದುಕೊಂಡ. ಪರದೆಯ ಮೇಲಿನ ಚಿತ್ರ ಸೆಕೆಂಡಿಗೆ ಎಷ್ಟು ಸಲ ಹೊಸದಾಗುತ್ತದೋ ಅದಕ್ಕೆ ಹರ್ಟ್ಸ್ ಎಂದು ಹೆಸರು. ಅವನದು ಅರವತ್ತು. ಭಾಮೈದನದು ನೂರ ನಲವತ್ತನಾಲ್ಕು. ಹಾಗೆಂದರೆ ಭಾಮೈದನಿಗೆ ಗೋಡೆ ಮೊದಲೇ ಕಾಣುತ್ತದೆ, ಇವನಿಗೆ ಡಿಕ್ಕಿಯ ನಂತರ. ಜೊತೆಗೆ, ಇಡೀ ದಿನ ಅಕ್ಷರಗಳನ್ನು ಮೇಲೆ ಕೆಳಗೆ ಜಾರಿಸುವ ತನ್ನ ಕಣ್ಣಿಗೂ ಅದು ಒಳ್ಳೆಯದು, ಇದು ಕೆಲಸಕ್ಕೇ ಬೇಕಾದ ವಸ್ತು ಎಂದು ತನಗೆ ತಾನೇ ಎರಡು ಸಲ ಹೇಳಿಕೊಂಡ. ಎರಡನೆಯ ಸಲ ಅರ್ಧಂಬರ್ಧ ನಂಬಿದ.

ಒಂದೇ ತೊಡಕೆಂದರೆ ವಾಷಿಂಗ್ ಮೆಷಿನ್. ಮನೆಯಲ್ಲಿದ್ದದ್ದು ಹಿಂಡುವ ಹೊತ್ತಿಗೆ ನಡೆಯಲು ಶುರುಮಾಡುತ್ತಿತ್ತು. ಬಚ್ಚಲಿನ ಮೂಲೆಯಿಂದ ಹೊರಟು, ಕೋಪಿಸಿಕೊಂಡ ನೆಂಟರ ಹಾಗೆ ಧಡಧಡ ಎಂದು ಬಾಗಿಲವರೆಗೆ ಬಂದು ನಿಲ್ಲುತ್ತಿತ್ತು. ಈ ಸಲದ ಬೋನಸ್ಸಿನಲ್ಲಿ ಹೊಸ ಮೆಷಿನ್ ಎಂದು ಹೆಂಡತಿಗೆ ಮಾತು ಕೊಟ್ಟಿದ್ದ. ಬೋನಸ್ ಶುಕ್ರವಾರ ಬಂದಿತ್ತು. ಹೆಂಡತಿಗೆ ಇನ್ನೂ ಹೇಳಿರಲಿಲ್ಲ.

ಶನಿವಾರ ಬೆಳಿಗ್ಗೆ ಅವನು ಫೋನ್ ಹಿಡಿದು ಕಟ್ಟಡದ ತಾರಸಿ ಹತ್ತಿದ. ಅಂಗಡಿಯವನಿಗೆ ಹೇಳಬೇಕಾದ್ದನ್ನೆಲ್ಲ ಪಿಸುದನಿಯಲ್ಲೇ ಹೇಳಿದ. ಆದರೆ ಪಿಸುದನಿಯಲ್ಲಿ ಹೇಳಿದ್ದನ್ನು ಕೇಳಿಸಿಕೊಳ್ಳಲೆಂದೇ ಕೆಲವು ಕಿವಿಗಳಿರುತ್ತವೆ. ಬಕೆಟ್ಟು ಹಿಡಿದು ಬಟ್ಟೆ ಒಣಹಾಕಲು ಅದೇ ತಾನೇ ಮೇಲೆ ಬಂದ ಕೆಳಮನೆಯ ಸಿಸ್ಟರಮ್ಮ ನೀರಿನ ಟ್ಯಾಂಕಿನ ಮರೆಯಲ್ಲಿ ನಿಂತರು. ಮೂವತ್ತು ವರ್ಷ ಹೃದ್ರೋಗದ ವಾರ್ಡಿನಲ್ಲಿ ನರ್ಸಾಗಿದ್ದು ನಿವೃತ್ತರಾದವರು. ಅವರಿಗೆ ಕೇಳಿಸಿದ್ದು ಇಷ್ಟು:

"ಎಲ್ಲಾ ಮಸುಕು ಮಸುಕು ಸಾರ್, ಒಂದೊಂದು ಸಲ ಎರಡೆರಡು ಕಾಣುತ್ತೆ... ಹೂಂ ಹೂಂ, ನೂರ ನಲವತ್ತನಾಲ್ಕು ಹರ್ಟ್ಸು... ಮಾನಿಟರ್ ಇವತ್ತೇ ಹಾಕ್ಬೇಕು. ಸಂಜೆ ಆರರೊಳಗೆ ಆಗ್ಲಿಲ್ಲ ಅಂದ್ರೆ ನನ್ನ ಕತೆ ಮುಗೀತು... ಅಯ್ಯೋ, ಮನೇಲಿ ಹೇಳಿಲ್ಲ. ಹೆಂಡ್ತಿಗೆ ಗೊತ್ತಾದ್ರೆ ತಡ್ಕೊಳ್ಳೋಲ್ಲ."

ಹರ್ಟ್ಸು ಎಂಬ ಶಬ್ದ ಸಿಸ್ಟರಮ್ಮನ ಕಿವಿಯೊಳಗೆ ಹೋಗುವಾಗ ಹಾರ್ಟು ಆಯಿತು. ಮಾನಿಟರ್ ಎಂದರೆ ಅವರಿಗೆ ಗೊತ್ತಿದ್ದದ್ದು ಒಂದೇ, ವಾರ್ಡಿನಲ್ಲಿ ರೋಗಿಯ ಎದೆಬಡಿತ ತೋರಿಸುವ ಯಂತ್ರ. ನಿಮಿಷಕ್ಕೆ ನೂರ ನಲವತ್ತನಾಲ್ಕು! ಅವರು ಬಕೆಟ್ಟನ್ನು ಅಲ್ಲೇ ಬಿಟ್ಟರು.

ಮಾರ್ಜಿನಪ್ಪ ಬಸ್ಸು ಹತ್ತುವಷ್ಟರಲ್ಲಿ ಅವನ ಹೆಂಡತಿ ಕುರ್ಚಿಯಲ್ಲಿ ಕುಸಿದಿದ್ದಳು.

"ಅಳಬೇಡ ಕಣಮ್ಮ. ಅವರ ಮುಂದಂತೂ ಅಳ್ಲೇಬೇಡ" ಎಂದರು ಸಿಸ್ಟರಮ್ಮ. "ನಮಗೆ ಗೊತ್ತು ಅಂತ ಅವರಿಗೆ ಗೊತ್ತಾಗಬಾರದು. ಉದ್ವೇಗ ಆಯ್ತೋ, ಮುಗೀತು. ಏನು ಕೇಳಿದ್ರೂ ಹೂಂ ಅನ್ನು. ಕೆಲಸದ ಕಡೆ ಮಾತ್ರ ಗುಟ್ಟಾಗಿ ಒಂದು ಫೋನ್ ಮಾಡಿಬಿಡು."

ಹೀಗಾಗಿ ಮಾರ್ಜಿನಪ್ಪ ಮುದ್ರಣಾಲಯದ ಒಳಗೆ ಕಾಲಿಡುತ್ತಿದ್ದಂತೆ, ಹದಿನಾಲ್ಕು ವರ್ಷಗಳಲ್ಲಿ ಒಮ್ಮೆಯೂ ಕೂರಿಸದ ಯಜಮಾನರು ತಮ್ಮ ಕುರ್ಚಿ ಎಳೆದು ಕೊಟ್ಟರು.

"ಕೂತ್ಕೊಳ್ಳಿ, ಕೂತ್ಕೊಳ್ಳಿ. ಮಾನಿಟರ್ ವಿಷಯ ಕಿವಿಗೆ ಬಿತ್ತು."

ಮಾರ್ಜಿನಪ್ಪ ಕುರ್ಚಿಯ ಅಂಚಿನಲ್ಲಿ ಕೂತ. "ಅದು... ಕೆಲಸಕ್ಕೂ ಅನುಕೂಲ ಅಂತ ಸಾರ್."

"ಕೆಲಸ ಹಾಳಾಗಲಿ! ಮಧ್ಯಾಹ್ನವೇ ಹೊರಡಿ. ಇಂಥದ್ರಲ್ಲಿ ಜಿಪುಣತನ ಮಾಡಬಾರದು, ಒಳ್ಳೇದನ್ನೇ ಹಾಕಿಸ್ಕೊಳ್ಳಿ."

ತನ್ನ ಪರದೆಯ ಬಗ್ಗೆ ಇಷ್ಟೊಂದು ಕಾಳಜಿ ಇರುವ ಯಜಮಾನರನ್ನು ಇಷ್ಟು ವರ್ಷ ಸಂಶಯಿಸಿದ್ದಕ್ಕೆ ಮಾರ್ಜಿನಪ್ಪ ನಾಚಿಕೊಂಡ. ಪಕ್ಕದ ಮೇಜಿನ ಕರಡು ತಿದ್ದುವ ಮುದುಕರು ಕನ್ನಡಕ ತೆಗೆದು ಒರೆಸಿಕೊಂಡರು.

"ನಮ್ಮ ಅಣ್ಣನಿಗೂ ಹಾಕಿದ್ರು ಕಣಯ್ಯ, ಮಾನಿಟರ್. ಎರಡೇ ದಿನ."

"ಯಾಕೆ ಸಾರ್, ಸರಿ ಬರ್ಲಿಲ್ವಾ?"

"ಮೊದಮೊದಲು ಚೆನ್ನಾಗೇ ಬರ್ತಿತ್ತು. ಆಮೇಲೆ ಇದ್ದಕ್ಕಿದ್ದ ಹಾಗೆ ಒಂದೇ ಒಂದು ಗೆರೆ. ಉದ್ದಕ್ಕೆ, ನೇರವಾಗಿ."

"ಛೆ, ಪ್ಯಾನೆಲ್ ಹೋಗಿರುತ್ತೆ. ವಾರಂಟಿ ಇರ್ಲಿಲ್ವಾ?"

ಮುದುಕರು ಅವನನ್ನೇ ನೋಡಿದರು. ಸಾವಿನ ಎದುರಿಗೂ ತಮಾಷೆ ಮಾಡುವ ಗಂಡಸು ಎಂದುಕೊಂಡು ಅವನ ಕೈ ಹಿಡಿದು ಒತ್ತಿದರು. ಮಧ್ಯಾಹ್ನದ ತನಕ ಅವನ ಮೇಜಿನ ಮೇಲಿನ ಪುಟಗಳು ಒಂದೊಂದಾಗಿ ಬೇರೆಯವರ ಮೇಜಿಗೆ ಹೋದವು. ಯಾರೋ ಸೇಬು ತಂದಿಟ್ಟರು.

ಅಂಗಡಿಯಲ್ಲಿ ಮಾತ್ರ ಅವನಿಗೆ ಯಾರೂ ಮರುಗಲಿಲ್ಲ. ಗೋಡೆಯ ತುಂಬ ಪರದೆಗಳು, ಎಲ್ಲದರಲ್ಲೂ ಒಂದೇ ಗಿಳಿ ಹಾರುತ್ತಿತ್ತು.

"ಅರವತ್ತು ಅಂದ್ರೆ ಮೆಟ್ಟಿಲು ಹತ್ತಿದ ಹಾಗೆ" ಎಂದ ಅಂಗಡಿಯವನು. "ನೂರ ನಲವತ್ತನಾಲ್ಕು ಅಂದ್ರೆ ಜಾರುಬಂಡಿ. ಇನ್ನೂರ ನಲವತ್ತೂ ಇದೆ, ಅದು ನಿಮ್ಮಂಥವರಿಗಲ್ಲ ಬಿಡಿ."

"ಯಾಕೆ?"

"ನಿಮ್ಮ ಬೆರಳು ಅಷ್ಟು ಬೇಗ ಓಡ್ಬೇಕಲ್ಲ ಸಾರ್."

ಬಾಗಿದ್ದು ಬೇಕೋ ಚಪ್ಪಟೆ ಬೇಕೋ? ಬಾಗಿದ ಪರದೆಯ ಮೇಲೆ ತನ್ನ ಮಾರ್ಜಿನ್ನುಗಳೂ ಬಾಗುತ್ತವೆಂದು ಹೆದರಿ ಚಪ್ಪಟೆಯದನ್ನೇ ಆರಿಸಿದ. ಬಣ್ಣ ಚೆನ್ನಾಗಿರುವುದೋ, ಕಪ್ಪು ಗಾಢವಾಗಿರುವುದೋ? ಮುಂದೆಂದಾದರೂ ಹೆಂಡತಿ ವಿಚಾರಿಸಿದರೆ ಪುಸ್ತಕದ ರಕ್ಷಾಪುಟಕ್ಕೆ ಬೇಕಾಗುತ್ತದೆ ಎನ್ನಬಹುದೆಂದು ಬಣ್ಣದ ಕಡೆಗೆ ವಾಲಿದ. ಆ ಗಿಳಿ ನೂರ ನಲವತ್ತನಾಲ್ಕರಲ್ಲಿ ಹಾರುವುದನ್ನು ಬಾಯಿ ಬಿಟ್ಟುಕೊಂಡು ನೋಡಿದ. ಅದಕ್ಕೆ ಬಾಲವಿತ್ತು, ಆದರೆ ಅದರದೇ ಬಾಲ.

ಡಬ್ಬ ಹೊತ್ತು ಆಟೋ ಹತ್ತಿದಾಗ ಅಂಗಡಿಯವನು ಹಿಂದೆಯೇ ಓಡಿಬಂದ. "ಸಾರ್, ಮನೇಲಿ ಸೆಟ್ಟಿಂಗ್ಸಿಗೆ ಹೋಗಿ ಮರೀದೆ ಒಂದು..." ಉಳಿದದ್ದನ್ನು ಆಟೋದ ಸದ್ದು ನುಂಗಿಹಾಕಿತು.

ದಾರಿಯುದ್ದಕ್ಕೂ ಮಾರ್ಜಿನಪ್ಪ ಸುಳ್ಳುಗಳನ್ನು ಜೋಡಿಸಿಕೊಂಡ. ಮುದ್ರಣಾಲಯದವರು ಕೊಟ್ಟಿದ್ದು. ಇಲ್ಲ, ಯಾರೋ ಸ್ನೇಹಿತನದು, ಒಂದು ವಾರದ ಮಟ್ಟಿಗೆ. ಬಾಗಿಲು ತೆರೆದ ಹೆಂಡತಿಯ ಕಣ್ಣು ಕೆಂಪಾಗಿತ್ತು. ಅವಳು ಡಬ್ಬ ನೋಡಿದಳು.

"ಮಾನಿಟರ್ರಾ?" ಎಂದಳು ಮೆಲ್ಲಗೆ.

"ಹೂಂ... ನಿನಗೆ ಹೇಗೆ ಗೊತ್ತು?"

"ಗೊತ್ತಿಲ್ಲ. ನನಗೇನೂ ಗೊತ್ತಿಲ್ಲ. ನೀವು ಡಬ್ಬ ಎತ್ತಬೇಡಿ, ಇಲ್ಲಿ ಕೊಡಿ."

"ವಾಷಿಂಗ್ ಮೆಷಿನ್ನು..."

"ಸುಡುಗಾಡು ಮೆಷಿನ್! ಕೈಯಿಲ್ವಾ ನನಗೆ, ಒಗೀತೀನಿ. ನೀವೊಬ್ರು ಇದ್ರೆ ಸಾಕು ಕಣ್ರೀ."

ಹದಿಮೂರು ವರ್ಷದ ದಾಂಪತ್ಯದಲ್ಲಿ ಇಂಥ ಮಾತು ಕೇಳಿರದ ಮಾರ್ಜಿನಪ್ಪನಿಗೆ ಅನುಮಾನ ಬರಬೇಕಿತ್ತು. ಆದರೆ ಗಂಟೆ ಐದೂಮುಕ್ಕಾಲಾಗಿತ್ತು. ಮಗಳು ಡಬ್ಬ ಬಿಚ್ಚಿದಳು, ಅವನು ತಂತಿ ಸಿಕ್ಕಿಸಿದ, ಪರದೆ ಬೆಳಗಿತು. ಆಹಾ, ಏನು ನುಣುಪು! ಬಾಣದ ಗುರುತು ಬೆಣ್ಣೆಯ ಮೇಲೆ ಜಾರಿದಂತೆ ಜಾರಿತು. "ನೋಡಿದ್ಯಾ? ಇದು ನೂರ ನಲವತ್ತನಾಲ್ಕು!" ಎಂದು ಮಗಳಿಗೆ ತೋರಿಸಿದ.

ಬಾಗಿಲ ಹತ್ತಿರ ಬಂದು ನಿಂತಿದ್ದ ಸಿಸ್ಟರಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡರು. ಇನ್ನೂ ಇಳಿದಿಲ್ಲ!

"ಬಾಯಿ ತೆಗೀರಿ" ಎಂದು ಒಳಗೆ ನುಗ್ಗಿದರು.

"ಯಾಕಮ್ಮ, ನನಗೇನಾ..." ಅನ್ನುವಷ್ಟರಲ್ಲಿ ಅವನ ನಾಲಗೆಯ ಕೆಳಗೆ ಥರ್ಮಾಮೀಟರ್ ಇತ್ತು.

"ಇನ್ನು ಮುಚ್ಚಿಡೋದು ಬೇಡ. ತಾರಸಿ ಮೇಲೆ ನೀವು ಡಾಕ್ಟರ ಹತ್ರ ಹೇಳಿದ್ದೆಲ್ಲ ಕೇಳಿಸ್ಕೊಂಡೆ. ಹಾರ್ಟು ನೂರ ನಲವತ್ತನಾಲ್ಕು. ಕಣ್ಣು ಮಂಜು. ನಾವೆಲ್ಲ ಇದ್ದೀವಿ, ಹೆದರಬೇಡಿ."

ಬೆಳಗಿನಿಂದ ನಡೆದದ್ದೆಲ್ಲ ಮಾರ್ಜಿನಪ್ಪನ ಕಣ್ಣ ಮುಂದೆ ಒಂದೇ ಸಲ ಹಾದುಹೋಯಿತು: ಯಜಮಾನರ ಕುರ್ಚಿ, ಮುದುಕರ ಅಣ್ಣ, ಸೇಬು. ಹೇಳಿಬಿಡಬೇಕು ಅನ್ನಿಸಿತು. ಹೆಂಡತಿಯ ಒದ್ದೆ ಕಣ್ಣು ನೋಡಿ ನಿಜಕ್ಕೂ ಹೇಳಿಬಿಡುತ್ತಿದ್ದ. ಆದರೆ ಬಾಯಲ್ಲಿ ಥರ್ಮಾಮೀಟರ್ ಇತ್ತು, ಗಂಟೆ ಆರಾಗಿತ್ತು. ಫೋನಿನ ಸ್ಪೀಕರಿನಿಂದ ಭಾಮೈದ "ಭಾವ, ರೆಡಿನಾ?" ಎಂದ. ಅವನ ದನಿಯಲ್ಲಿ ಎಂದೂ ಇಲ್ಲದ ವಿನಯವಿತ್ತು.

ಪಂದ್ಯ ಮುಗಿದ ತಕ್ಷಣ ಹೇಳುತ್ತೇನೆ ಎಂದುಕೊಂಡು ಮಾರ್ಜಿನಪ್ಪ ಕಂಟ್ರೋಲರ್ ಕೈಗೆತ್ತಿಕೊಂಡ.

"ವೈರು ಎಲ್ಲಿ? ಎದೆಗೆ ಅಂಟಿಸೋ ವೈರು?" ಎಂದು ಹೆಂಡತಿ ಕೇಳಿದಳು.

"ಈಗೆಲ್ಲ ವೈರ್‌ಲೆಸ್ ಕಣಮ್ಮ. ಅದೇ, ಕೈಯಲ್ಲಿ ಹಿಡಿದಿದಾರಲ್ಲ, ಅದು ನಾಡಿ ಹಿಡಿಯುತ್ತೆ" ಎಂದರು ಸಿಸ್ಟರಮ್ಮ. ತಾವು ನಿವೃತ್ತರಾದ ಮೇಲೆ ಬಂದ ಯಂತ್ರಗಳ ಬಗ್ಗೆ ಗೊತ್ತಿಲ್ಲವೆಂದು ಒಪ್ಪಿಕೊಳ್ಳುವ ಜನವಲ್ಲ ಅವರು. "ಕಾರು ಬರ್ತಿದೆ ನೋಡು. ನಮ್ಮ ಕಾಲದಲ್ಲಿ ರೋಗಿಯನ್ನ ಟ್ರೆಡ್‌ಮಿಲ್ ಬೆಲ್ಟಿನ ಮೇಲೆ ಓಡಿಸ್ತಿದ್ವಿ. ಈಗ ಕೂರಿಸಿಯೇ ಓಡಿಸ್ತಾರೆ."

ಪಂದ್ಯ ಶುರುವಾಯಿತು. ಮೊದಲ ತಿರುವಿನಲ್ಲಿ ಮಾರ್ಜಿನಪ್ಪ ಭಾಮೈದನ ಪಕ್ಕಕ್ಕೆ ಬಂದ. ಎರಡನೆಯದರಲ್ಲಿ ಮುಂದೆ ಹೋದ. ಬಾಲ ಎಲ್ಲಿ? ಬಾಲವೇ ಇಲ್ಲ! ಮಗಳು ಕುರ್ಚಿಯ ಮೇಲೆ ಹತ್ತಿ ನಿಂತು "ಬಿಡಬೇಡ ಅಪ್ಪಾ!" ಎಂದು ಕೂಗಿದಳು. ಸಿಸ್ಟರಮ್ಮ "ಮೂಗಿನಿಂದ ಉಸಿರಾಡಿ!" ಎಂದು ಕೂಗಿದರು. ಕೊನೆಯ ಗೆರೆಯನ್ನು ಅವನು ದಾಟಿದಾಗ ಭಾಮೈದ ಇನ್ನೂ ಹಿಂದಿನ ತಿರುವಿನಲ್ಲಿದ್ದ.

ಗೆದ್ದಿದ್ದ! ಮಗಳು ಬೆನ್ನ ಮೇಲೆ ಬಿದ್ದು ಕುತ್ತಿಗೆ ಬಿಗಿದು ಹಿಡಿದಳು. ಥರ್ಮಾಮೀಟರನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡು, ಅದೊಂದು ಪದಕವೆಂಬಂತೆ, ಮಾರ್ಜಿನಪ್ಪ ನಕ್ಕ. ಕಣ್ಣಲ್ಲಿ ನೀರೇ ಬಂತು. ಅಂಚಿನಲ್ಲೇ ಕೂತಿದ್ದ ಮನುಷ್ಯ ಆ ಒಂದು ನಿಮಿಷ ಪುಟದ ನಡುವಿನಲ್ಲಿದ್ದ.

ಅಷ್ಟರಲ್ಲಿ ಮಗಳು, ಹೊಸ ವಸ್ತು ಬಂದ ದಿನ ಎಲ್ಲ ಮಕ್ಕಳೂ ಮಾಡುವಂತೆ, ಮೌಸ್ ಹಿಡಿದು ಸೆಟ್ಟಿಂಗ್ಸ್ ಒಳಗೆ ಹೊಕ್ಕಿದ್ದಳು.

"ಅಪ್ಪಾ, ನೂರ ನಲವತ್ತನಾಲ್ಕು ಅಂದ್ಯಲ್ಲ? ಇಲ್ಲಿ ಅರವತ್ತು ಅಂತಲೇ ಇದೆ."

ಮಾರ್ಜಿನಪ್ಪ ಬಗ್ಗಿ ನೋಡಿದ. ಅರವತ್ತು. ಆಟೋದ ಸದ್ದು ನುಂಗಿದ ಮಾತು ಏನೆಂದು ಈಗ ಹೊಳೆಯಿತು. ಹಾಗಾದರೆ ಆ ಬೆಣ್ಣೆ? ಆ ನುಣುಪು?

"ಅರವತ್ತಾ?" ಎಂದು ಸಿಸ್ಟರಮ್ಮ ಕನ್ನಡಕ ಏರಿಸಿ ಪರದೆಗೆ ಮೂಗು ತಾಗಿಸಿದರು. "ಹೌದು ಕಣಮ್ಮ, ಅರವತ್ತು! ಪೂರ್ತಿ ಇಳಿದುಬಿಟ್ಟಿದೆ. ಇದಕ್ಕಿಂತ ನಾರ್ಮಲ್ ಇನ್ನೇನು ಬೇಕು? ಮಾನಿಟರ್ ಸುಳ್ಳು ಹೇಳೋಲ್ಲ." ತಮ್ಮ ಥರ್ಮಾಮೀಟರ್ ವಾಪಸು ತೆಗೆದುಕೊಂಡು, ಒಂದು ಜೀವ ಉಳಿಸಿದ ಸಮಾಧಾನದಿಂದ, ತಾರಸಿಯ ಮೇಲೆ ಬೆಳಗಿನಿಂದ ಕೂತಿದ್ದ ಬಕೆಟ್ಟಿನ ಕಡೆಗೆ ಹೊರಟರು.

ಹೆಂಡತಿ ಸೆರಗಿನಲ್ಲಿ ಮುಖ ಒರೆಸಿಕೊಂಡು ಮುದ್ರಣಾಲಯದ ಯಜಮಾನರಿಗೆ ಫೋನ್ ಮಾಡಿದಳು. ಅವರು ತುಂಬ ಸಂತೋಷಪಟ್ಟರು. ಹಾಗಾದರೆ ನಾಳೆ ಭಾನುವಾರ ಬಂದು ಉಳಿದ ಪುಟಗಳನ್ನೆಲ್ಲ ಮುಗಿಸಿಕೊಡಲಿ ಎಂದರು.

"ಅಕ್ಕಾ, ವಾಸಿ ಆಯ್ತಾ ಭಾವನಿಗೆ?" ಭಾಮೈದನ ದನಿ ಫೋನಿನಿಂದ ನೆಗೆದು ಬಂತು. "ಸದ್ಯ! ನೀನು ಗೆಲ್ಲಿಸು ಅಂದೆ ಅಂತ ಆಗಿನಿಂದ ಬ್ರೇಕ್ ಒತ್ತಿ ಒತ್ತಿ ನನ್ನ ಹೆಬ್ಬೆರಳು ಬಿದ್ದುಹೋಯ್ತು. ಭಾವ, ಈಗ ಸರಿಯಾಗಿ ಒಂದು ಆಡೋಣ ಬನ್ನಿ."

ಮಗಳ ಕೈ ಅವನ ಕುತ್ತಿಗೆಯಿಂದ ನಿಧಾನವಾಗಿ ಸಡಿಲವಾಯಿತು. ಅವಳು ಸೆಟ್ಟಿಂಗ್ಸಿನಲ್ಲಿ ಅರವತ್ತನ್ನು ನೂರ ನಲವತ್ತನಾಲ್ಕು ಮಾಡಿ, ಕಂಟ್ರೋಲರನ್ನು ಅವನ ಕೈಗಿಟ್ಟಳು.

ಎರಡನೆಯ ಪಂದ್ಯದಲ್ಲಿ ಎಲ್ಲವೂ ಗಾಜಿನಷ್ಟು ತಿಳಿಯಾಗಿ ಕಂಡಿತು. ಗೋಡೆಯಂತೂ ಎಷ್ಟು ಸ್ಪಷ್ಟವಾಗಿತ್ತೆಂದರೆ, ಡಿಕ್ಕಿ ಹೊಡೆಯುವ ಮುನ್ನ ಅದರ ಮೇಲಿನ ಟೈರಿನ ಜಾಹೀರಾತನ್ನು ಪೂರ್ತಿ ಓದಲು ಅವನಿಗೆ ಸಮಯ ಸಿಕ್ಕಿತು. ಅದರಲ್ಲಿ ಎಡಗಡೆ ಮಾರ್ಜಿನ್ ಸಾಲದೆಂದೂ ಗಮನಿಸಿದ.

"ಪರವಾಗಿಲ್ಲ ಬಿಡಪ್ಪ" ಎಂದು ಮಗಳು ಬೆನ್ನು ಸವರಿದಳು. ಆಮೇಲೆ ಸಿಸ್ಟರಮ್ಮನ ಹಾಗೆಯೇ ಅವನ ಮಣಿಕಟ್ಟು ಹಿಡಿದು, ಗೋಡೆ ಗಡಿಯಾರ ನೋಡುತ್ತ ಎಣಿಸತೊಡಗಿದಳು.

ಹೆಂಡತಿ ಖಾಲಿ ಡಬ್ಬವನ್ನು ಮಡಚಿಡಲು ಎತ್ತಿಕೊಂಡಿದ್ದಳು. ಅದರ ಮೇಲೆ ದೊಡ್ಡದಾಗಿ ಬರೆದದ್ದನ್ನು ಕೂಡಿಸಿಕೊಂಡು ಓದಿದಳು.

"ರೀ... ಗೇಮಿಂಗ್ ಮಾನಿಟರ್ ಅಂತಿದೆಯಲ್ಲ? ಬೆಳಿಗ್ಗೆ ತಾರಸಿ ಮೇಲೆ ಮಾತಾಡಿದ್ರಲ್ಲ, ಯಾವ ಡಾಕ್ಟರು ಅವರು?"

ಒಳಗೆ ಬಚ್ಚಲಿನಲ್ಲಿ ಹಿಂಡುವ ಹೊತ್ತಾಗಿತ್ತು. ವಾಷಿಂಗ್ ಮೆಷಿನ್ ಮೂಲೆ ಬಿಟ್ಟು ಧಡಧಡ ಎಂದು ಬಾಗಿಲ ಕಡೆ ಹೊರಟಿತು.

"ಅಪ್ಪಾ," ಎಂದಳು ಮಗಳು, ಗಡಿಯಾರದಿಂದ ಕಣ್ಣು ತೆಗೆದು, "ಈಗ ನೂರ ನಲವತ್ತನಾಲ್ಕು."