ಬಾಕಿ ಉಳಿದ ದೌರಾ

ಕನ್ನಡ ಮಾಸ್ತರ ಆದವನ ಹಣೆಬರಹ ಇಷ್ಟೇ ನೋಡ್ರಿ: ತಿಳೀಲಾರದ ಶಬ್ದ ಕಿವಿಗೆ ಬಿದ್ದರ ಅದರ ಬೆನ್ನು ಹತ್ತಿ ಹೋಗೂದು, ನಗಿಪಾಟಲಿಗೆ ಈಡಾಗಿ ಬರೂದು. ನನಗಂತೂ ಒಂದೇ ಶಬ್ದ ಮೂರು ಸಲ ಮರ್ಯಾದಿ ತಗೀತು.

೧. ಸೈಕಲ್ ಪಾಠ

ಗಂಗಾವತಿಯ ನಮ್ಮ ಓಣಿಗೆ ವರ್ಷಕ್ಕೊಮ್ಮೆ ಒಬ್ಬ ಚಾಚಾ ಬರ್ತಿದ್ರು, ಹಿತ್ತಾಳಿ ಪಾತ್ರೆಗೆ ಕಲಾಯಿ ಹಾಕಾಕ. ಒಮ್ಮೆ "ಮುಂದ ಎಲ್ಲಿಗೆ ಚಾಚಾ?" ಅಂದೆ.

"ದೌರಾರೀ ಮಾಸ್ತರ. ಕೊಪ್ಪಳ, ಯಲಬುರ್ಗಾ, ಕುಷ್ಟಗಿ, ತಾವರಗೇರಾ, ಕಡೀಕ ಹುಲಿಹೈದರ. ಅಲ್ಲಿಂದ ಮತ್ತ ಮನಿಗೆ."

"ದೌರಾ ಅಂದ್ರ ಏನ್ರಿ?"

"ಕುಂತು ಕೇಳಿದ್ರ ತಿಳಿಯಂಗಿಲ್ಲ. ಸೈಕಲ್ ಹಿಂದ ಕುಂದರ್ರಿ, ಹೋಗೂಣು."

"ಪರೀಕ್ಷಾ ಮುಗೀಲಿ" ಅಂದೆ.

"ಹುಡುಗರ್ದೋ, ನಿಮ್ದೋ?" ಅಂದ್ರು ಚಾಚಾ.

೨. ನಾಕು ಹಾಳಿ ಸಂಶೋಧನೆ

ನಾನು ಸುಮ್ನಿರಲಿಲ್ಲ. ಕೊಪ್ಪಳದಾಗ ಒಬ್ಬ ರಿಟೈರ್ಡ್ ಗುಮಾಸ್ತರನ್ನ ಹಿಡಿದೆ. "ನಿಜಾಮರ ಕಾಲದಾಗ ಸಾಹೇಬ್ರು ಊರೂರು ತಿರುಗೂದಕ್ಕ ದೌರಾ ಅಂತಿದ್ರು. ಸುದ್ದಿ ಬಂದ್ರ ಮಂದಿ ಮೊದಲು ಕೋಳಿ ಮುಚ್ಚಿಡ್ತಿದ್ರಂತ" ಅಂದ್ರು. ಕುಷ್ಟಗಿಯ ಉರ್ದು ಮಾಸ್ತರು ಇನ್ನೂ ಆಳಕ್ಕ ಇಳಿದ್ರು. ಮೂಲ ಅರಬ್ಬಿಯ 'ದೌರ್', ಅಂದ್ರ ಸುತ್ತು. ಹೊಂಟಲ್ಲಿಗೇ ತಿರುಗಿ ಬಂದ್ರನೇ ಅದು ದೌರಾ.

ನಾಕು ಹಾಳಿ ಬರಕೊಂಡು ಚಾಚಾಗ ಓದಿ ಹೇಳಿದೆ. ಅವರು ತಿದಿ ಒತ್ತಿಕೋತ ಪೂರ್ತಿ ಕೇಳಿದ್ರು.

"ಖರೇ ಐತ್ರಿ. ತಿರುಗಿ ಬರಲಿಲ್ಲಂದ್ರ ನಮ್ಮಾಕಿ ಬಿಡ್ತಾಳೇನು? ಅದಿರ್ಲಿ, ಈ ಸಲ ಬರ್ತೀರೇನು?"

"ಮುಂದಿನ ವರ್ಷ" ಅಂದೆ.

೩. ತಪೇಲಿ

ಚಾಚಾನ ಪದ್ಧತಿ ಒಂದಿತ್ತು. ದೌರಾದ ಕಡೀ ಮನಿಯಿಂದ ಒಂದು ಪಾತ್ರೆ ಇಸಗೊಂಡು ಬರೂದು, ಕಲಾಯಿ ಹಾಕಿ ಮುಂದಿನ ವರ್ಷ ಕೊಡೂದು. "ಇದು ಕೈಯಾಗ ಇದ್ರ ಹೋಗಲೇಬೇಕಲ್ರಿ" ಅಂತಿದ್ರು.

ಒಂದು ವರ್ಷ ಅವರ ಮೊಣಕಾಲು ಕೈಕೊಟ್ಟವು. ಹುಲಿಹೈದರದ ಕಡೀ ಮನಿ ಅವ್ವನ ತಪೇಲಿ ಚಾಚಾ ತಂದು ನನ್ನ ಮನ್ಯಾಗ ಇಟ್ರು. "ನಿಮ್ಮ ಗಾಡಿ ಮ್ಯಾಲೆ ಇಬ್ರೂ ಹೋಗಿ ಕೊಟ್ಟು ಬರೂಣು ಮಾಸ್ತರ."

"ರಿಟೈರ್ ಆಗ್ಲಿ" ಅಂದೆ.

ರಿಟೈರ್ ಆದೆ. ಆಮ್ಯಾಲೆ ಬಿಸಿಲು, ಮೊಮ್ಮಗಳು, ಬಿ.ಪಿ. ನನ್ನ ಹೆಂಡತಿ ಅದೇ ತಪೇಲಿಯೊಳಗ ಅನ್ನಕ್ಕ ಇಡ್ತಿದ್ಲು. "ನಿಮ್ಮ ದೌರಾ ಆಗೂದ್ರಾಗ ಇದು ಸವೀತೈತಿ" ಅಂತಿದ್ಲು.

ಹೋದ ವರ್ಷ ಚಾಚಾ ತೀರಿಕೊಂಡ್ರು.

೪. ಹುಲಿಹೈದರ

ಅವರ ನಲವತ್ತು ದಿನದ ಕಾರ್ಯ ಮುಗಿದ ಮರುದಿನ ತಪೇಲಿ ತಗೊಂಡು ಗಾಡಿ ಮ್ಯಾಲೆ ಒಬ್ಬನೇ ಹೊಂಟೆ. ಹೇಮಗುಡ್ಡ ದಾಟಿದ್ಮ್ಯಾಲೆ ಎರಡು ಸಲ ಹಿಂದಿನ ಸೀಟು ಮುಟ್ಟಿ ನೋಡಿದೆ. ಬರೇ ಒಂದು ತಾಸಿನ ದಾರಿ. ಇಷ್ಟಕ್ಕ ನಾನು ಹನ್ನೊಂದು ವರ್ಷ ನೆವ ಹೇಳಿದ್ದೆ. ನನ್ನ ಮ್ಯಾಲೆ ನನಗೇ ಹೇಸಿಕಿ ಬಂತು.

ಅವ್ವ ಕಟ್ಟಿ ಮ್ಯಾಲೆ ಕುಂತಿದ್ಲು. ತಪೇಲಿ ನೋಡಿ, "ಮುಂದಿನ ವರ್ಷದ ಮಾಸ್ತರ ನೀವೇ ಏನು?" ಅಂದ್ಲು. ಚಾಚಾ ವರ್ಷಾ ವರ್ಷಾ ಆಕಿಗೆ ಫೋನ್ ಮಾಡಿ, "ಮಾಸ್ತರು ಮುಂದಿನ ವರ್ಷ ಕರ್ಕೊಂಡು ಬರ್ತಾರ" ಅಂತಿದ್ರಂತ. ಒಮ್ಮೆಯೂ ನನ್ನ ಬೈದಿರಲಿಲ್ಲಂತ.

ಚಾಚಾ ಹೋದ ಸುದ್ದಿ ಹೇಳಿದೆ. ಸೆರಗಿಲೆ ಕಣ್ಣು ಒರಸಿಕೊಂಡು ಒಳಗ ಹೋದ್ಲು. ಚಾ ತರ್ತಾಳ ಅಂದ್ಕೊಂಡೆ. ಒಂದು ಕರೀ ಹಿತ್ತಾಳಿ ಬೋಗಾಣಿ ತಂದು ನನ್ನ ತೊಡಿ ಮ್ಯಾಲೆ ಇಟ್ಲು.

"ಒಯ್ಯಿರಿ."

"ಯವ್ವಾ, ನನಗ ಕಲಾಯಿ ಹಾಕಾಕ ಬರಂಗಿಲ್ಲ."

"ಗೊತ್ತೈತಿ. ಬರೇ ಕೈಲೆ ಕಳಿಸಿದ್ರ ನೀವು ಮತ್ತ ಈ ಕಡೆ ಬರ್ತೀರೇನು?"