ಒಂಬತ್ತು ಸೆಲ್ಲಿನ ತೂಕ

ನಮ್ಮ ಭಾಷೆಯಲ್ಲಿ ತೂಕಕ್ಕೆ ಇರುವಷ್ಟು ಮರ್ಯಾದೆ ಬೇರೆ ಯಾವುದಕ್ಕೂ ಇಲ್ಲವೆಂದು ನನಗೆ ಬಹಳ ದಿನಗಳಿಂದ ಅನುಮಾನ. ಗೌರವಸ್ಥನನ್ನು ತೂಕದ ಮನುಷ್ಯ ಎನ್ನುತ್ತೇವೆ. ಯೋಚಿಸಿ ಆಡಿದ ಮಾತು ತೂಕದ ಮಾತು. ಬಾಯಿಗೆ ಬಂದದ್ದನ್ನು ಆಡಿದವನು ಹಗುರವಾಗಿ ಮಾತಾಡಿದ. ಮಾತಾಡಿ ಮುಗಿಸಿ ನಾಲ್ಕು ಜನರ ಎದುರು ತಾನೇ ಹಗುರವಾದ. ಇಂಥ ಭಾಷೆಯಲ್ಲಿ ಹುಟ್ಟಿ ಬೆಳೆದ ನಾನು ‘ನನಗೆ ಹಗುರವಾದದ್ದೇ ಬೇಕು’ ಎಂದು ಬಾಯಿಬಿಟ್ಟು ಕೇಳಿದ್ದು ಒಂದೇ ಒಂದು ವಸ್ತುವನ್ನು, ಲ್ಯಾಪ್‌ಟಾಪನ್ನು. ಕೇಳಿದ ಮೇಲೆ ಹಗುರವಾದದ್ದು ಯಾರು ಎನ್ನುವುದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ, ಆಫೀಸಿನಲ್ಲಿ ಎಲ್ಲರಿಗೂ ಗೊತ್ತಿದೆ.

ಕೊಂಡಾಪುರದಲ್ಲಿ ಬಂಡೆ ಒಡೆದ ದೂಳು ಅಡಗುವ ಮೊದಲೇ ಅದೇ ಜಾಗದಲ್ಲಿ ಗಾಜಿನ ಕಟ್ಟಡ ಎದ್ದು, ಅದರೊಳಗೆ ನಮ್ಮಂಥವರು ಕುರ್ಚಿ ಹಿಡಿದು ಕೂತುಬಿಡುತ್ತಿದ್ದ ಕಾಲ ಅದು. ನಾನು ಮೈಸೂರಿನವಳು. ಮದುವೆಯಾಗಿ ಹೈದರಾಬಾದಿಗೆ ಬಂದು, ಮಣಿಕೊಂಡದಲ್ಲಿ ಗಂಡ, ಅತ್ತೆ, ಮಾವನವರ ಜೊತೆ ಸಂಸಾರ ಹೂಡಿ, ದಿನಾ ಶೇರ್ ಆಟೋದಲ್ಲಿ ಕೊಂಡಾಪುರಕ್ಕೆ ಹೋಗಿಬರುತ್ತಿದ್ದೆ. ಕಂಪನಿಯವರು ಲ್ಯಾಪ್‌ಟಾಪ್ ಕೊಟ್ಟ ದಿನ ಊರಿಗೆಲ್ಲ ಫೋನು ಮಾಡಿ ಹೇಳಿಕೊಂಡದ್ದು ನಿಜ. ಅದು ಹೆಸರಿಗಷ್ಟೇ ತೊಡೆಯ ಮೇಲಿಟ್ಟುಕೊಳ್ಳುವ ಯಂತ್ರ ಎನ್ನುವುದು ಆಮೇಲೆ ತಿಳಿಯಿತು. ಇಟ್ಟುಕೊಂಡರೆ ತೊಡೆ ಜೋಮು ಹಿಡಿಯುತ್ತಿತ್ತು. ಅದರ ಬ್ಯಾಟರಿ ಮೈಯೊಳಗೆ ಹಿಡಿಸಲಾರದೆ ಹಿಂದುಗಡೆ ಎರಡು ಬೆರಳಿನಷ್ಟು ಹೊರಗೆ ಚಾಚಿಕೊಂಡಿತ್ತು. ಬ್ಯಾಗಿನ ಜಿಪ್ಪು ಪೂರ್ತಿ ಮುಚ್ಚುತ್ತಿರಲಿಲ್ಲ. ಆಟೋದಲ್ಲಿ ಪಕ್ಕಕ್ಕೆ ಕೂತವರು ಪಕ್ಕೆ ತಿಕ್ಕಿಕೊಳ್ಳುತ್ತ ನನ್ನನ್ನು ನೋಡುತ್ತಿದ್ದರು.

ಇದರ ಫಲವನ್ನು ಮೊದಲು ಕಂಡುಹಿಡಿದವನು ನಮ್ಮ ಬೀದಿಯ ಟೈಲರ್. ರವಿಕೆಗೆ ಅಳತೆ ತೆಗೆದುಕೊಳ್ಳುತ್ತಿದ್ದವನು ಟೇಪನ್ನು ಎರಡು ಸಲ ಇಟ್ಟು ನೋಡಿ, “ಮೇಡಂ, ಎಡಮ ಭುಜಂ ಕಿಂದಿಕಿ ಉಂದಿ” ಎಂದ. ಎಡಗಡೆಯ ಭುಜ ಕೆಳಗಿದೆಯಂತೆ. ಅದಕ್ಕೆ ಸರಿಯಾಗಿ ಹೊಲಿಯಲೋ ಅಥವಾ ಎರಡೂ ಭುಜಗಳಿಗೆ ಸಮಾನ ನ್ಯಾಯ ಕೊಡಲೋ ಎಂದು ಕೇಳಿದ. ಮನೆಗೆ ಬಂದು ಕನ್ನಡಿಯಲ್ಲಿ ನೋಡಿಕೊಂಡೆ. ಗೋಡೆಗೆ ಓರೆಯಾಗಿ ತೂಗುಹಾಕಿದ ಫೋಟೋ ಹಾಗಿದ್ದೆ. ಡಾಕ್ಟರು ಒಂದು ಎಣ್ಣೆ ಬರೆದುಕೊಟ್ಟು, ಭಾರ ಕಡಿಮೆ ಮಾಡಿ, ಇಲ್ಲದಿದ್ದರೆ ಈ ನೋವು ಹೋಗುವುದಿಲ್ಲ ಎಂದರು. ನನ್ನ ಮೈಭಾರವೋ ಬ್ಯಾಗಿನದೋ ಎಂದು ಕೇಳುವ ಧೈರ್ಯವಾಗಲಿಲ್ಲ.

ನನ್ನ ಪಕ್ಕದ ಮೇಜಿನ ಶ್ರೀಧರ್ ಗುಂಟೂರಿನವನು, ಯಾವ ಯಂತ್ರ ಕಂಡರೂ ಅದರ ಹೊಟ್ಟೆ ಬಗೆದು ನೋಡುವ ಚಟದವನು. ಅವನು ಹೇಳಿದ ಪ್ರಕಾರ ಬ್ಯಾಟರಿ ಎನ್ನುವುದು ಒಂದು ಇಡೀ ವಸ್ತುವಲ್ಲ. ಪ್ಲಾಸ್ಟಿಕ್ ಡಬ್ಬಿಯೊಳಗೆ ದುಂಡನೆಯ ಸೆಲ್ಲುಗಳನ್ನು ಸಾಲಾಗಿ ಮಲಗಿಸಿರುತ್ತಾರೆ. ನನ್ನದರಲ್ಲಿ ಒಂಬತ್ತು. ಒಂದೊಂದೂ ನಿಂಬೆಹಣ್ಣಿನಷ್ಟು ತೂಗುತ್ತದೆ. ಸೆಲ್ಲು ಹೆಚ್ಚಿದಷ್ಟೂ ಯಂತ್ರ ಹೆಚ್ಚು ಹೊತ್ತು ಬಾಳುತ್ತದೆ, ಹೊರುವವರ ಹೊತ್ತು ಕೆಡುತ್ತದೆ. ಅಷ್ಟಕ್ಕೇ ಮುಗಿಯುವುದಿಲ್ಲ. ಅಷ್ಟು ಸೆಲ್ಲುಗಳಿಗೆ ಜಾಗ ಬೇಕು, ಜಾಗಕ್ಕೆ ದೊಡ್ಡ ಮೈ ಬೇಕು, ದೊಡ್ಡ ಮೈ ಬಾಗದಿರಲು ಒಳಗೆ ಗಟ್ಟಿ ಚೌಕಟ್ಟು ಬೇಕು, ಆ ಚೌಕಟ್ಟಿಗೂ ತೂಕ. ಸಂಸಾರದ ಹಾಗೆ, ಒಂದು ಖರ್ಚು ಇನ್ನೊಂದನ್ನು ಕರೆಯುತ್ತದೆ. ದುಂಡನೆಯ ಸೆಲ್ಲು ಇರುವಷ್ಟು ದಿನ ಯಂತ್ರದ ಮೈ ಅದಕ್ಕಿಂತ ತೆಳ್ಳಗಾಗುವುದು ಸಾಧ್ಯವಿಲ್ಲ ಎಂದೂ ಹೇಳಿದ. ಹೊಸದಾಗಿ ಬರುತ್ತಿರುವ ತೆಳ್ಳನೆಯವುಗಳಲ್ಲಿ ಚಪ್ಪಟೆ ಸೆಲ್ಲು ಹಾಕಿ, ಲೋಹದ ಮೈಯೊಳಗೆ ಬಿಗಿದುಬಿಡುತ್ತಾರಂತೆ. ಬ್ಯಾಟರಿಗೆ ಬೇರೆ ಡಬ್ಬಿಯೂ ಇಲ್ಲ, ಕಳಚುವ ಕೊಂಡಿಯೂ ಇಲ್ಲ. ಅಷ್ಟು ತೂಕ ಉಳಿತಾಯ.

ಇದನ್ನೆಲ್ಲ ನಾನು ಮನೆಯಲ್ಲಿ ಮಾವನವರಿಗೆ ವಿವರಿಸಿದೆ. ಮಾವನವರು ಬಾಗಲಕೋಟೆಯ ಕಡೆಯವರು. ಇಲ್ಲಿಯ ಸರ್ಕಾರಿ ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತರಾದವರು. ಯಾವ ಸಾಮಾನನ್ನಾದರೂ ಕೈಯಲ್ಲಿ ಎತ್ತಿ ನೋಡದೆ ಅದರ ಬಗ್ಗೆ ಅಭಿಪ್ರಾಯ ಕೊಡುವವರಲ್ಲ. ಅವರಿಗೆ ತಿಳಿಯಲಿ ಎಂದು, ದುಂಡು ಸೆಲ್ಲು ಡಬ್ಬಿಯಲ್ಲಿ ತುಂಬಿದ ಶೇಂಗಾ ಉಂಡೆ ಇದ್ದ ಹಾಗೆ, ನಡುವೆ ಸಂದು ಉಳಿದು ಜಾಗ ದಂಡ. ಚಪ್ಪಟೆಯದು ಶೇಂಗಾ ಹೋಳಿಗೆ, ಒಂದರ ಮೇಲೊಂದು ಒಟ್ಟಬಹುದು ಎಂದೆ. ಕೆಳಗಿನ ಎರಡು ಕೊಂಡಿ ಸರಿಸಿ ಬ್ಯಾಟರಿ ಕಳಚಿಯೂ ತೋರಿಸಿದೆ. ಅವರು ಕೈಯಲ್ಲಿ ತೂಗಿ ನೋಡಿ, “ಒಂಬತ್ತು ಸೆಲ್ಲಿನ ಬ್ಯಾಟ್ರಿ ನಮ್ಮ ಊರ ಗೌಡರ ಹಂತ್ಯಾಕೂ ಇದ್ದಿದ್ದಿಲ್ಲ” ಎಂದು ಬಹಳ ಗೌರವದಿಂದ ವಾಪಸು ಕೊಟ್ಟರು. ಅವರ ಕನ್ನಡದಲ್ಲಿ ಬ್ಯಾಟ್ರಿ ಎಂದರೆ ಟಾರ್ಚು; ಅದರೊಳಗೆ ಹಾಕುವುದು ಸೆಲ್ಲು. ಗೌಡರದು ಐದು ಸೆಲ್ಲಿನದಂತೆ. ಆ ಹೊತ್ತಿಗೆ ನಾನು ನಕ್ಕುಬಿಟ್ಟೆ. ಒಂದೇ ಪದವನ್ನು ಇಬ್ಬರು ಬೇರೆಬೇರೆ ಅರ್ಥದಲ್ಲಿ ಆಡುತ್ತಿರುವಾಗ ನಗುವುದು ಅಪಾಯವೆಂದು ಆಗ ತಿಳಿದಿರಲಿಲ್ಲ.

ಅಷ್ಟರಲ್ಲಿ ನಮ್ಮ ತಂಡಕ್ಕೆ ಒಂದೇ ಒಂದು ತೆಳ್ಳನೆಯ ಲ್ಯಾಪ್‌ಟಾಪ್ ಬಂತು. ಹೊರದೇಶದ ಗ್ರಾಹಕರು ಬರುವವರಿದ್ದರು. ಅವರಿಗೆ ನಮ್ಮ ಕೆಲಸವನ್ನು ತೋರಿಸಬೇಕು. ತೋರಿಸುವ ಜವಾಬ್ದಾರಿ ನನ್ನದು. ಚೆನ್ನಾಗಿ ನಡೆದರೆ ಮುಂದೆ ಅವರಲ್ಲಿಗೆ ಹೋಗಿಬರುವ ಕೆಲಸವೂ ನಿನ್ನದೇ, ಆ ಲ್ಯಾಪ್‌ಟಾಪೂ ನಿನ್ನದೇ ಎಂದರು ಮ್ಯಾನೇಜರ್. ಅವರ ಮೇಜಿನ ಮೇಲೆ ಅದನ್ನು ಒಮ್ಮೆ ಎತ್ತಿ ನೋಡಿದೆ. ಎರಡು ಜೋಳದ ರೊಟ್ಟಿ ಮಡಚಿ ಹಿಡಿದ ಹಾಗಾಯಿತು. ನನಗೆ ಹಗುರವಾದ ಇದೇ ಬೇಕು ಎಂದು ಎಲ್ಲರೆದುರು ಕೇಳಿಯೂಬಿಟ್ಟೆ. ಹೊರದೇಶದ ಪ್ರಯಾಣ ತಪ್ಪಿದರೂ ಚಿಂತೆಯಿರಲಿಲ್ಲ, ಇದು ತಪ್ಪಬಾರದು ಎಂದು ನನ್ನ ಎಡಭುಜ ಅಂಗಲಾಚಿತು.

ಗ್ರಾಹಕರು ಬರುವ ಹಿಂದಿನ ಸಂಜೆ ಊಟದ ಹೊತ್ತಿಗೆ ನಾನು ಅದೇ ಚಿಂತೆಯಲ್ಲಿದ್ದೆ. ನನ್ನ ಹಳೆಯ ಬ್ಯಾಟರಿ ಮುದಿಯಾಗಿ, ಮೊದಲು ಅರ್ಧ ದಿನ ಬರುತ್ತಿದ್ದದ್ದು ಈಗ ಅರ್ಧ ಗಂಟೆಗೆ ಉಸಿರು ಬಿಡುತ್ತಿತ್ತು; ತೂಕ ಮಾತ್ರ ಗುಲಗಂಜಿಯಷ್ಟೂ ಇಳಿದಿರಲಿಲ್ಲ. ನಾಳೆ ನಡುವೆ ಕೈಕೊಟ್ಟರೆ ನನ್ನ ಗತಿ ಏನು ಎಂದು ಗಂಡನ ಹತ್ತಿರ ಗೋಳು ಹೇಳಿಕೊಂಡೆ. ಮಾವನವರು ಕೇಳಿಸಿಕೊಂಡು, ಸೆಲ್ಲು ಢೀಲಾ ಆಗಿದ್ದರೆ ಬೆಳಗಿನ ಬಿಸಿಲಿಗೆ ಇಡುತ್ತೇನೆ, ಏರುತ್ತವೆ ಎಂದರು. ಟಾರ್ಚಿನ ಸೆಲ್ಲು, ರೇಡಿಯೋದ ಸೆಲ್ಲು ಇಳಿದಾಗ ಅವರು ಮಾಳಿಗೆಯ ಮೇಲೆ ಅತ್ತೆಯವರ ಸಂಡಿಗೆಯ ಪಕ್ಕ ಅವನ್ನು ಸಾಲಾಗಿ ಜೋಡಿಸಿ ಒಣಗಿಸುವುದು ನಮ್ಮ ಮನೆಯಲ್ಲಿ ನಡೆದುಬಂದ ಪದ್ಧತಿ. ತಮ್ಮ ಟಾರ್ಚಿನ ವಿಷಯ ಹೇಳುತ್ತಿದ್ದಾರೆ ಎಂದುಕೊಂಡು ನಾನು ಹೂಂಗುಟ್ಟಿದೆ.

ಮರುದಿನ ಬೆಳಿಗ್ಗೆ ಬ್ಯಾಗು ಹೆಗಲಿಗೇರಿಸಿದರೆ ಹೂವಿನ ಬುಟ್ಟಿ. ನನಗೆ ಆಶ್ಚರ್ಯವಾಗಲಿಲ್ಲ, ಆನಂದವಾಯಿತು. ಡಾಕ್ಟರು ಕೊಟ್ಟ ಎಣ್ಣೆ ಕೊನೆಗೂ ಕೆಲಸ ಮಾಡಿತು ಎಂದುಕೊಂಡೆ. ಜಿಪ್ಪು ಪೂರ್ತಿ ಮುಚ್ಚಿಕೊಂಡಿತ್ತು. ಅದನ್ನೂ ಶುಭಶಕುನವೆಂದೇ ಬಗೆದೆ. ಇಂಜಿನಿಯರಿಂಗ್ ಓದಿದವಳಿಗೆ ಎಣ್ಣೆ ಹಚ್ಚಿದ್ದು ಭುಜಕ್ಕೆ, ಬ್ಯಾಗಿಗಲ್ಲ ಎನ್ನುವಷ್ಟು ಹೊಳೆಯಬೇಕಿತ್ತು. ಆಟೋದಲ್ಲಿ ಪಕ್ಕದ ಹೆಂಗಸಿಗೆ ಎಣ್ಣೆಯ ಹೆಸರನ್ನೂ ಹೇಳಿದೆ.

ಗ್ರಾಹಕರು ಬಂದು ಕೂತಿದ್ದರು. ಲ್ಯಾಪ್‌ಟಾಪ್ ತೆಗೆದು ಮೇಜಿನ ಮೇಲಿಟ್ಟು, ಕತ್ತಲಲ್ಲಿಯೂ ಹುಡುಕಬಲ್ಲ ಅಭ್ಯಾಸದಿಂದ ತಂತಿ ಚುಚ್ಚಿ, ಎಲ್ಲ ಸಿದ್ಧ ಮಾಡಿಕೊಂಡೆ. ಆಗ ಮೊಬೈಲಿಗೆ ಗೇಟಿನ ಸೆಕ್ಯುರಿಟಿಯವನ ಕರೆ. ನಿಮ್ಮ ಮಾವನವರು ಬಂದಿದ್ದಾರೆ, ನಿಮ್ಮ ಸೆಲ್ ತಂದಿದ್ದಾರಂತೆ ಎಂದು ಹಿಂದಿಯಲ್ಲಿ ಹೇಳಿದ. ಹೈದರಾಬಾದಿನಲ್ಲಿ ಸೆಲ್ ಎಂದರೆ ಮೊಬೈಲು. ನಾನು ಮಾತಾಡುತ್ತಿರುವುದೇ ಅದರಲ್ಲಿ. ವಯಸ್ಸಾದವರು, ಬೇರೆ ಯಾರದೋ ಎತ್ತಿಕೊಂಡು ಬಂದಿರಬೇಕು ಎಂದುಕೊಂಡು, “ಸೆಲ್ ಮೇರೇ ಪಾಸ್ ಹೀ ಹೈ, ಉನ್ಕೋ ಘರ್ ಜಾನೇ ಬೋಲೋ” ಎಂದು ಅವರನ್ನು ಮನೆಗೆ ಕಳಿಸಲು ಹೇಳಿ, ಫೋನು ಆರಿಸಿ ನಗುನಗುತ್ತ ಸಭೆಯ ಕಡೆ ತಿರುಗಿದೆ.

ಕೆಲಸ ಚೆನ್ನಾಗಿಯೇ ಸಾಗುತ್ತಿತ್ತು. ಗ್ರಾಹಕರಲ್ಲಿ ಹಿರಿಯರಾದವರು ತಲೆಯಾಡಿಸುತ್ತಿದ್ದರು, ಮ್ಯಾನೇಜರ್ ಆಗಲೇ ಕಾಫಿಗೆ ಸನ್ನೆ ಮಾಡಿದ್ದರು. ಅಷ್ಟರಲ್ಲಿ ಕರೆಂಟು ಹೋಯಿತು. ಬೇಸಿಗೆಯ ಹೈದರಾಬಾದಿನಲ್ಲಿ ಇದಕ್ಕೆ ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ; ಕಣ್ಣು ಮಿಟುಕಿಸುವುದರೊಳಗೆ ಜನರೇಟರ್ ಎದ್ದುಕೊಂಡು ದೀಪ ಬಂತು, ಏಸಿ ಬಂತು. ನನ್ನ ಪರದೆ ಮಾತ್ರ ಕಪ್ಪಾಗಿಯೇ ಇತ್ತು. ಬ್ಯಾಟರಿ ಇದ್ದೂ ಹೀಗೇಕೆ ಎಂದು ಲ್ಯಾಪ್‌ಟಾಪನ್ನು ಎತ್ತಿ ತಿರುಗಿಸಿದೆ. ಒಂಬತ್ತು ಸೆಲ್ಲು ಇರಬೇಕಾದ ಜಾಗದಲ್ಲಿ ಉದ್ದನೆಯ ತೂತು. ಅದರ ಮೂಲಕ ಆಚೆ ಬದಿಯಲ್ಲಿ ಕೂತ ಮ್ಯಾನೇಜರ್ ಕಂಡರು, ಅವರಿಗೆ ನಾನು ಕಂಡೆ. ಅವರು ಮೆಲ್ಲಗೆ, ಬ್ಯಾಟರಿ ಎಲ್ಲಿ ಎಂದು ಕೇಳಿದರು. ಆ ಕ್ಷಣದಲ್ಲಿ ನನಗೆ ಮಾಳಿಗೆ, ಸಂಡಿಗೆ, ಟಾರ್ಚು, ಗೌಡರು, ಗೇಟು ಎಲ್ಲ ಒಟ್ಟಿಗೆ ಅರ್ಥವಾದವು. “ಗೇಟಿನಲ್ಲಿದೆ” ಎಂದೆ.

ಕೆಳಗೆ ಓಡಿದೆ. ಮಾವನವರು ಮನೆಗೆ ಹೋಗಿರಲಿಲ್ಲ. ಗೇಟಿನ ಪಕ್ಕದ ಕಲ್ಲುಬೆಂಚಿನ ಮೇಲೆ, ಬ್ಯಾಟರಿಯನ್ನು ಟವೆಲಿನಲ್ಲಿ ಸುತ್ತಿ ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಅಂಗಿ ಬೆವರಿನಲ್ಲಿ ತೊಯ್ದಿತ್ತು. ನಾನು ಹೊರಡುವ ಮೊದಲೇ ಕೆಳಗೆ ತಂದು ಹಾಕಬೇಕೆಂದಿದ್ದರಂತೆ; ಅಷ್ಟರಲ್ಲಿ ನೀರಿನ ಟ್ಯಾಂಕರ್ ಬಂದು, ಪೈಪು ಹಿಡಿಯಲು ಹೋಗಿ ಮರೆತರಂತೆ. ನನಗೆ ಸಿಟ್ಟು ಬಂದಿತ್ತು, ಆದರೆ ಅವರ ಮುಖ ನೋಡಿದ ಮೇಲೆ ಅದನ್ನು ಎಲ್ಲಿಡಬೇಕೋ ತಿಳಿಯಲಿಲ್ಲ.

“ಸೆಲ್ ಅಕಿ ಹಂತ್ಯಾಕ ಐತಂತ, ಮನಿಗೆ ಹೋಗ್ರಿ ಅಂದ ಅಂವ. ಸೆಲ್ ನನ್ನ ಕೈಯಾಗ ಐತಿ, ನಿನ್ನ ಹಂತ್ಯಾಕ ಹ್ಯಾಂಗ ಇರ್ತೈತಿ? ಖರೇ ತಿಳಿದ ಮ್ಯಾಲ ಬರ್ತಿ ಅಂತ ಕುಂತೆ” ಎಂದರು. ಆಮೇಲೆ ಟವೆಲು ಬಿಚ್ಚಿ ಕೊಡುತ್ತ, “ಭಾಳ ವಜ್ಜಿ ಐತಿ ನೋಡವಾ. ದಿನಾ ಇದನ್ನ ಹೊರ್ತಿ ಏನು?” ಎಂದರು.

ಬ್ಯಾಟರಿ ಕಾದ ಹಂಚಿನಂತಿತ್ತು. ಮೇಲೆ ತಂದಾಗ ಅದನ್ನು ಕಂಡ ಶ್ರೀಧರ್ ಎರಡು ಹೆಜ್ಜೆ ಹಿಂದೆ ಸರಿದ. ಇಂಥ ಸೆಲ್ಲುಗಳನ್ನು ಬಿಸಿಲಿಗಿಟ್ಟರೆ ಏರುವುದಿಲ್ಲ, ಸಿಡಿಯುತ್ತವೆ ಎಂದು ತಿಳಿಸಿದ. ತಣ್ಣಗಾಗಲು ಕಾಯುತ್ತ, ಗ್ರಾಹಕರು ಕಾರಣ ಕೇಳಿದ್ದಕ್ಕೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಮಾವನವರನ್ನು ಮೇಲಕ್ಕೆ ಕರೆಸಿ ಕೈಕುಲುಕಿ ಕಾಫಿ ಕೊಡಿಸಿದರು. ನಾನು ಬ್ಯಾಟರಿಯಿಲ್ಲದೆ ಬರೀ ತಂತಿ ಚುಚ್ಚಿಕೊಂಡು ಉಳಿದದ್ದನ್ನು ತೋರಿಸಿ ಮುಗಿಸಿದೆ. ಯಾರೂ ತಲೆಯಾಡಿಸಲಿಲ್ಲ, ಎಲ್ಲರ ಕಣ್ಣೂ ಕಿಟಕಿಯ ಹತ್ತಿರ ಟವೆಲಿನ ಮೇಲೆ ಮಲಗಿದ್ದ ಬ್ಯಾಟರಿಯ ಮೇಲೆಯೇ ಇತ್ತು.

ಕೆಲಸ ನಮ್ಮ ತಂಡಕ್ಕೇ ಬಂತು. ತೆಳ್ಳನೆಯ ಲ್ಯಾಪ್‌ಟಾಪ್ ಶ್ರೀಧರನಿಗೆ ಹೋಯಿತು. ಮ್ಯಾನೇಜರ್ ನನ್ನನ್ನು ಕರೆದು, ನಿನ್ನ ತೊಂದರೆ ನನಗೆ ಅರ್ಥವಾಗಿದೆ, ನಿನಗೆ ಬೇಕಾದದ್ದು ತೆಳ್ಳನೆಯದಲ್ಲ, ನಂಬಿಕಸ್ಥ ಬ್ಯಾಟರಿ ಎಂದು ಬೇರೊಂದು ಹೊಸ ಲ್ಯಾಪ್‌ಟಾಪನ್ನು ತರಿಸಿಕೊಟ್ಟರು. ಅದಕ್ಕೆ ಹಿಂದುಗಡೆ ಒಂಬತ್ತು ಸೆಲ್ಲು. ಸಾಲದೆಂದು ತಳಕ್ಕೆ ಮಣೆಯಂತೆ ಅಂಟಿಕೊಳ್ಳುವ ಇನ್ನೊಂದು ಬ್ಯಾಟರಿ. ಮಾವನವರು ಎರಡೂ ಕೈಯಲ್ಲಿ ಎತ್ತಿ ನೋಡಿ, ಈಗ ತೂಕ ಬಂತು ಎಂದರು. ನನಗೆ ಅಳು ಬಂತು. ಬ್ಯಾಗನ್ನು ಬಲ ಭುಜಕ್ಕೆ ಬದಲಾಯಿಸಿದೆ. ಆರು ತಿಂಗಳಿಗೆ ಟೈಲರ್ ಟೇಪು ಹಿಡಿದು, ಈಗ ಎರಡೂ ಸಮವಾಗಿವೆ ಎಂದು ಸಂತೋಷಪಟ್ಟ. ಎರಡೂ ಕೆಳಗಿವೆ ಎಂದು ಬಾಯಿಬಿಟ್ಟು ಹೇಳಲಿಲ್ಲ, ಅಷ್ಟು ಮರ್ಯಾದಸ್ಥ.

ಭುಜಕ್ಕೆ ನೋವಿಲ್ಲದೆ ನಾನು ಆಫೀಸಿಗೆ ಹೋದದ್ದು ಅದೊಂದೇ ಬೆಳಿಗ್ಗೆ. ಆವತ್ತಿನ ಭಾರ ಬೇರೆಯವರ ತೊಡೆಯ ಮೇಲಿತ್ತು. ಅದಕ್ಕೇ ಈಗ ಬ್ಯಾಗು ಹಗುರವೆನಿಸಿದರೆ ನಿಂತಲ್ಲೇ ಜಿಪ್ಪು ತೆಗೆದು ನೋಡುತ್ತೇನೆ. ಮೊನ್ನೆಯೂ ಹಾಗೇ ಆಟೋದಲ್ಲಿ ಅನುಮಾನ ಬಂದು ತಡಕಿದೆ. ಬ್ಯಾಟರಿ ಇತ್ತು, ಎರಡೂ ಇದ್ದವು. ನಿಶ್ಚಿಂತೆಯಿಂದ ಆಫೀಸು ಸೇರಿ ಕೂತರೆ ಸೆಕ್ಯುರಿಟಿಯವನ ಫೋನು. ಈಗ ನಾನು ಏನು, ಎತ್ತ ಎಂದು ಕೇಳುವುದಿಲ್ಲ, ಸುಮ್ಮನೆ ಕೆಳಗಿಳಿಯುತ್ತೇನೆ. ಕಲ್ಲುಬೆಂಚಿನ ಮೇಲೆ ಮಾವನವರು ನನ್ನ ಊಟದ ಡಬ್ಬಿ ಹಿಡಿದು ಕೂತಿದ್ದರು.